ಎಲ್ಲಿಗೆ ಎಂದು ಕೇಳಬಾರದು

ನಮ್ಮ ಮನೆಯಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಕೋಪ ಮಾಡಿಕೊಂಡು ಮನೆ ಬಿಟ್ಟು ಹೋದವರೇ. ಉಪ್ಪಿಟ್ಟಿನ ಒಗ್ಗರಣೆ ಸೀದಿತ್ತು ಎಂಬ ಕಾರಣಕ್ಕೆ ನಮ್ಮಪ್ಪ ಸಂನ್ಯಾಸ ತೆಗೆದುಕೊಳ್ಳುತ್ತೇನೆಂದು ನಂಜನಗೂಡಿಗೆ ಹೋಗಿ, ಸಂಜೆಯ ಬಸ್ಸಿಗೆ ಒಂದು ಚಿಪ್ಪು ರಸಬಾಳೆ ಹಿಡಿದುಕೊಂಡು ವಾಪಸು ಬಂದಿದ್ದರು. ಅಣ್ಣ ಸುದರ್ಶನ ಕಾಲೇಜಿನ ಮೇಷ್ಟರಾಗಿ ನಿವೃತ್ತನಾದ ಮೇಲೂ ಆಗಾಗ ಬಾಗಿಲು ಬಡಿದು ಹೊರಟು, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮುಖ ಊದಿಸಿಕೊಂಡು ಕೂತು ಬರುತ್ತಾನೆ. ಅತ್ತಿಗೆ ಚೂಡಾಮಣಿಯವರದಂತೂ ರಾಜಠೀವಿ. ಸೂಟ್‌ಕೇಸು, ಆಟೋ, ಯಾದವಗಿರಿಯ ತವರುಮನೆ. ಅಣ್ಣ ಹೂವು ಹಣ್ಣು ಹಿಡಿದುಕೊಂಡು ಹೋಗಿ, ಅವರ ಅಣ್ಣಂದಿರ ಮುಂದೆ ತಲೆ ತಗ್ಗಿಸಿ ಕೂತು, ಊಟ ಮುಗಿಸಿ ಕರೆದುಕೊಂಡು ಬರಬೇಕು.

ನನಗೆ ನಲವತ್ತಾರು. ಇಷ್ಟು ವರ್ಷದಲ್ಲಿ ನಾನು ಒಂದೇ ಒಂದು ಸಲವೂ ಸಿಟ್ಟಿನಿಂದ ಮನೆ ಬಿಟ್ಟು ಹೋಗಿಲ್ಲ. ಗಾರ್ಗಿಗೆ ಏನು ತಾಳ್ಮೆ, ಏನು ತಾಳ್ಮೆ ಎಂದು ಬಂಧುಗಳು ಹೊಗಳುತ್ತಾರೆ. ತಾಳ್ಮೆಯೂ ಇಲ್ಲ, ಮಣ್ಣೂ ಇಲ್ಲ. ಮಗುವಾಗಿದ್ದಾಗ ಪೋಲಿಯೊ ಬಂದು ಎರಡು ಕಾಲೂ ಸ್ವಾಧೀನ ತಪ್ಪಿದವು, ಗಾಲಿಕುರ್ಚಿಯೇ ಗತಿಯಾಯಿತು. ಕೃಷ್ಣಮೂರ್ತಿಪುರಂನ ನಮ್ಮ ಹಳೇ ಮನೆಯ ಮುಂಬಾಗಿಲಿನ ಹೊಸ್ತಿಲು ಗೇಣೆತ್ತರ. ಅದನ್ನು ದಾಟಬೇಕಾದರೆ ಮುಂದೆ ಅಣ್ಣ, ಹಿಂದೆ ಎದುರು ಮರದಡಿಯ ಇಸ್ತ್ರಿ ಗಾಡಿಯ ಕಾಳಯ್ಯ, ಇಬ್ಬರೂ ಸೇರಿ ಕುರ್ಚಿ ಎತ್ತಬೇಕು. ಆಸ್ಪತ್ರೆಗೆ ಎತ್ತುತ್ತಾರೆ, ಮದುವೆ ಮುಂಜಿಗೆ ಎತ್ತುತ್ತಾರೆ. ಆದರೆ ಈಗಷ್ಟೇ ಜಗಳವಾಡಿದ ಅಣ್ಣನನ್ನು ಕರೆದು, "ಅಣ್ಣಾ, ನಿನ್ನ ಮೇಲೆ ಕೆಂಡದಂಥ ಕೋಪ ಬಂದಿದೆ, ಸ್ವಲ್ಪ ಎತ್ತಿ ಆಚೆ ಬಿಡು" ಎಂದು ಹೇಳುವುದು ಹೇಗೆ? ಕೋಪಕ್ಕೂ ಒಂದು ಮಾನ ಮರ್ಯಾದೆ ಬೇಡವೇ?

ನಮ್ಮಲ್ಲಿ ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು ಅನ್ನುವ ಶಾಸ್ತ್ರವೊಂದಿದೆ. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳಿಸಿಕೊಂಡವರು ವಾಪಸು ಒಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದು ಹೊಸದಾಗಿ ಹೊರಡಬೇಕು. ಒಮ್ಮೆ ಅಣ್ಣ ಸಿಟ್ಟಿನಲ್ಲಿ ಹೊರಟಾಗ ಹಾಲಿನವನು "ಎಲ್ಗೆ ಸಾ?" ಎಂದುಬಿಟ್ಟ. ಅಣ್ಣ ಹಲ್ಲು ಕಡಿಯುತ್ತ ಒಳಗೆ ಬಂದು, ನೀರು ಕುಡಿದು, ಮತ್ತೆ ಮೊದಲಿನಷ್ಟೇ ಜೋರಾಗಿ ಬಾಗಿಲು ಬಡಿದು ಹೋದ. ನನ್ನನ್ನು ಯಾರೂ ಹಾಗೆ ಕೇಳಿದವರಲ್ಲ. ಕುರ್ಚಿ ಎತ್ತುವಾಗ ಬೀದಿಯವರು ಅಣ್ಣನನ್ನು ಕೇಳುತ್ತಾರೆ: "ಇವರನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀರಿ?" ಅದಕ್ಕೆ ಯಾವ ಅಪಶಕುನವೂ ಇಲ್ಲ, ನೀರೂ ಇಲ್ಲ. ಬೀರು ಸಾಗಿಸುವಾಗ ಯಾರು ಶಕುನ ನೋಡುತ್ತಾರೆ?

ಜಗಲಿಯಿಂದ ಅಂಗಳಕ್ಕೆ ಇಳಿಯಲು ನನಗೆ ಯಾವ ತೊಂದರೆಯೂ ಇಲ್ಲ. ಅಪ್ಪ ಸ್ಕೂಟರು ಕೊಂಡ ವಾರವೇ ಅದನ್ನು ಜಗಲಿಗೆ ಹತ್ತಿಸಲೆಂದು ಮೆಟ್ಟಿಲ ಪಕ್ಕ ಸಿಮೆಂಟಿನ ಇಳಿಜಾರು ಹಾಕಿಸಿದ್ದರು. ಸ್ಕೂಟರು ಗುಜರಿಗೆ ಹೋಗಿ ಯಾವ ಕಾಲವಾಯಿತೋ, ಇಳಿಜಾರು ಇನ್ನೂ ಗಟ್ಟಿಯಾಗಿದೆ. ಉಳಿದದ್ದು ಆ ಒಂದು ಹೊಸ್ತಿಲು. ಹಿತ್ತಲ ಬಾಗಿಲಿಂದ ಹೋಗಬಹುದಲ್ಲ ಎನ್ನುವ ಜಾಣರಿಗೆ ಹೇಳುತ್ತೇನೆ, ಅಲ್ಲಿಂದ ಬೀದಿಗೆ ಬರುವ ಸಂದಿಯಲ್ಲಿ ಬೆಕ್ಕು ಕೂಡ ಮೈ ಓರೆ ಮಾಡಿಕೊಂಡು ಹೋಗುತ್ತದೆ.

ಮನೆಯಲ್ಲೇ ಕೂತು ಪುಸ್ತಕದ ಅಂಗಡಿಯೊಂದಕ್ಕೆ ಕರಡು ತಿದ್ದಿಕೊಡುವವಳು ನಾನು. ಕಳೆದ ಯುಗಾದಿಯ ಹೊತ್ತಿಗೆ ಬೋಗಾದಿಯ ಬಡಗಿ ಮಂಟಯ್ಯನನ್ನು ಕರೆಸಿ ಒಂದು ಹಲಗೆ ಮಾಡಿಸಿದೆ. ನಡುವೆ ಕೀಲು ಇರುವ ಜೋಡಿ ಹಲಗೆ. ಬಿಡಿಸಿ ಇಟ್ಟರೆ ಹೊಸ್ತಿಲ ಮೇಲೆ ಸೂರಿನ ಹಾಗೆ ನಿಲ್ಲುತ್ತದೆ, ಒಳಗಿನಿಂದ ಹತ್ತಿ ಹೊರಗೆ ಇಳಿಯಬಹುದು. ಹೊಸ್ತಿಲಿಗೆ ಎಲ್ಲೂ ತಾಕುವುದಿಲ್ಲ. ಮಂಟಯ್ಯ ಅದನ್ನು ತಂದಿಟ್ಟ ದಿನವೇ ಅತ್ತಿಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು.

"ಹೊಸ್ತಿಲಲ್ಲಿ ಲಕ್ಷ್ಮಿ ಇರ್ತಾಳೆ ಕಣೇ ಗಾರ್ಗಿ. ಪ್ರತಿ ಶುಕ್ರವಾರ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡೋ ಜಾಗ. ಬೀದಿ ಸುತ್ತಿದ ಚಕ್ರನ ಅವಳ ತಲೆ ಮೇಲೆ ಹತ್ತಿಸ್ತೀನಿ ಅಂದ್ರೆ ಹೆಂಗೆ?"

"ಚಕ್ರ ಬೀದಿ ಸುತ್ತೇ ಇಲ್ಲವಲ್ಲ ಅತ್ತಿಗೆ, ಅದೇ ಅಲ್ವಾ ನನ್ನ ತಕರಾರು?"

ಅಣ್ಣ ಇಬ್ಬರ ಮಾತಿನಲ್ಲೂ ಸತ್ಯವಿದೆ ಎಂದ. ಇದು ಅವನ ಶಾಶ್ವತ ತೀರ್ಪು. ಹಲಗೆ ಹಿತ್ತಲಿಗೆ ಹೋಯಿತು. ಬೇಸಿಗೆಯಲ್ಲಿ ಅತ್ತಿಗೆ ಅದರ ಮೇಲೆ ಸಂಡಿಗೆ ಹಾಕಿದರು. ಚೆನ್ನಾಗಿ ಒಣಗುತ್ತದೆ ಎಂದು ಪಕ್ಕದ ಮನೆಯವರೂ ತಟ್ಟೆ ತಂದು ಇಟ್ಟರು.

ಅಣ್ಣನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವನು ಅಂಗವಿಕಲರ ವಿಷಯದಲ್ಲಿ ಊರಿಗೇ ಹೆಸರಾದ ಭಾಷಣಕಾರ. ಪ್ರತಿ ಡಿಸೆಂಬರಿನಲ್ಲಿ ಯಾವುದಾದರೂ ಸಂಘದವರು ಕರೆಯುತ್ತಾರೆ. "ವೈಕಲ್ಯ ಇರುವುದು ದೇಹದಲ್ಲಲ್ಲ, ಸಮಾಜದ ಕಣ್ಣಿನಲ್ಲಿ" ಎಂದು ಗದ್ಗದಿತನಾಗಿ ಹೇಳಿ, ಶಾಲು ಹೊದಿಸಿಕೊಂಡು ಬರುತ್ತಾನೆ. ಆ ಭಾಷಣದ ಕರಡು ತಿದ್ದುವವಳೂ ನಾನೇ. ಒಂದು ಸಲವೂ ನನ್ನನ್ನು ಆ ಸಭೆಗೆ ಕರೆದುಕೊಂಡು ಹೋಗಿಲ್ಲ, ಯಾಕೆಂದರೆ ಅವತ್ತು ಕಾಳಯ್ಯ ಯಾವಾಗಲೂ ಬಿಡುವಾಗಿರುವುದಿಲ್ಲ.

ಹೀಗಿರುವಾಗ ಒಂದು ಶುಕ್ರವಾರ ಬೆಳಗ್ಗೆ ಸರ್ವೆಯವಳು ಬಂದಳು.

ಹೆಸರು ಸಂಘಮಿತ್ರ. ಬೋಗಾದಿಯಲ್ಲಿ ರೂಮು ಮಾಡಿಕೊಂಡು ಎಂ.ಎ. ಓದುತ್ತಿರುವ ಹುಡುಗಿ. ಕುತ್ತಿಗೆಗೆ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್, ಮುಖದಲ್ಲಿ ಬೆಳಗಿನಿಂದ ಹತ್ತಾರು ಬಾಗಿಲು ಬಡಿದ ಸುಸ್ತು. ಅಂಗವೈಕಲ್ಯದ ಬಗ್ಗೆ ಜನರ ಮನೋಭಾವ ಹೇಗಿದೆ ಎಂದು ತಿಳಿಯುವ ರಾಷ್ಟ್ರೀಯ ಸಮೀಕ್ಷೆ ಎಂದಳು. ಅಣ್ಣನ ಮುಖ ಅರಳಿದ್ದನ್ನು ನೋಡಬೇಕಿತ್ತು. ಕೇಂದ್ರ ಸರ್ಕಾರ ಕೊನೆಗೂ ತನ್ನನ್ನು ಹುಡುಕಿಕೊಂಡು ಬಂತು ಎಂದೇ ಅವನು ತಿಳಿದ. "ಒಂದು ನಿಮಿಷ ಕೂತ್ಕೋಮ್ಮ" ಎಂದು ಒಳಗೆ ಹೋಗಿ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಬಂದ.

ಅತ್ತಿಗೆ ಅವಳಿಗೆ ಕಾಫಿ ತಂದರು. "ಸಂಘಮಿತ್ರ, ಒಳ್ಳೆ ಹೆಸರು" ಎಂದರು. ಕಾಫಿ ಬಂದದ್ದು ಪೇಪರ್ ಲೋಟದಲ್ಲಿ. ಸತ್ಯನಾರಾಯಣ ಪೂಜೆಗೆ ತಂದು ಉಳಿದಿದ್ದ ಆ ಲೋಟಗಳು ನಮ್ಮ ಮನೆಯಲ್ಲಿ ಯಾರಿಗೆ, ಯಾಕೆ ಹೊರಗೆ ಬರುತ್ತವೆ ಎಂದು ನನಗೆ ಗೊತ್ತು. ಅವಳಿಗೂ ಗೊತ್ತಿತ್ತು ಎಂದು ಅವಳು ಲೋಟ ಹಿಡಿದ ರೀತಿಯಲ್ಲೇ ತಿಳಿಯಿತು. ನನಗೆ ನಾಚಿಕೆಯಾಯಿತು. ಅದರ ಬಗ್ಗೆ ಸರ್ವೆ ಬಂದರೆ ನಾವು ಇನ್ನೂ ಚೆನ್ನಾಗಿ ಸುಳ್ಳು ಹೇಳುತ್ತೇವೆ.

ಅವಳು ಮನೆಯಲ್ಲಿರುವ ದೊಡ್ಡವರ ಹೆಸರು ಕೇಳಿದಳು. ಅಣ್ಣ ತನ್ನದು ಹೇಳಿದ, ಅತ್ತಿಗೆಯದು ಹೇಳಿದ, ನಿಲ್ಲಿಸಿದ. ನಾನು ನನ್ನದು ನಾನೇ ಹೇಳಿದೆ. ಅವಳು ಗುಂಡಿ ಒತ್ತಿದಳು. "ಈ ಮನೇಲಿ ಯಾರನ್ನ ಕೇಳ್ಬೇಕು ಅಂತ ಇದೇ ಆರಿಸುತ್ತೆ ಸರ್, ನಾವಲ್ಲ" ಎಂದಳು. ಅಣ್ಣ ಗಂಟಲು ಸರಿಮಾಡಿಕೊಂಡ.

ಟ್ಯಾಬ್ ನನ್ನನ್ನು ಆರಿಸಿತು.

"ಏನೋ ತಪ್ಪಾಗಿದೆ" ಎಂದ ಅಣ್ಣ. "ನೋಡಮ್ಮ, ಇದು ಅಂಗವಿಕಲರ ಬಗ್ಗೆ ಸಮಾಜ ಏನು ಅನ್ಕೊಳ್ಳುತ್ತೆ ಅನ್ನೋ ಸರ್ವೆ. ಇವಳು ಸಮಾಜ ಅಲ್ಲ, ಇವಳು ವಿಷಯ. ವಿಷಯನೇ ಉತ್ತರ ಹೇಳಿದ್ರೆ ಹೆಂಗೆ?"

"ನಾನು ಸಮಾಜ ಅಲ್ಲದೆ ಇನ್ನೇನೋ, ಸೋಫಾನಾ?" ಎಂದೆ.

ಸಂಘಮಿತ್ರಳಿಗೂ ಅನುಮಾನ ಬಂತು. ತನ್ನ ಸೂಪರ್‌ವೈಸರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ಆ ಮಹಾಶಯ ಮೊದಲು ಕೇಳಿದ್ದು, "ಅವರ ಮನೆಯವರು ಯಾರಾದ್ರೂ ಇದ್ದಾರಾ? ಅವರಿಗೆ ಕೊಡಿ." ಅಣ್ಣ ಫೋನಿಗೆ ಬಾಗಿ "ನಾನು ಅವಳ ಅಣ್ಣ" ಎಂದ. ಸೂಪರ್‌ವೈಸರು ಕೇಳಿದರು: "ಸಾರ್, ನಿಮ್ಮ ತಂಗಿಯವರಿಗೆ ಮಾತು ಬರುತ್ತಾ? ತಿಳುವಳಿಕೆ ಚೆನ್ನಾಗಿದೆಯಾ?"

"ಎರಡೂ ಸ್ವಲ್ಪ ಜಾಸ್ತೀನೇ ಇದೆ ಕಣ್ರೀ" ಎಂದು ನಾನೇ ಕೂಗಿ ಹೇಳಿದೆ.

"ಹಾಗಾದ್ರೆ ಅವರನ್ನೇ ಕೇಳಿ, ಬದಲಾಯಿಸೋ ಹಾಗಿಲ್ಲ" ಎಂದರು ಸೂಪರ್‌ವೈಸರು. "ಸಾರ್, ನಿಮ್ಮ ನಂಬರ್ ಕೊಟ್ಟಿರಿ. ಆಮೇಲೆ ನಾನು ಫೋನ್ ಮಾಡಿ, ಹುಡುಗಿ ನಿಜವಾಗ್ಲೂ ಬಂದಿದ್ಲಾ, ಸರಿಯಾಗಿ ಕೇಳಿದ್ಲಾ ಅಂತ ವಿಚಾರಿಸ್ತೀನಿ." ನಂಬರು ಕೂಡ ನನ್ನದನ್ನು ಕೇಳಲಿಲ್ಲ.

ಉತ್ತರ ಹೇಳುವವರ ಹತ್ತಿರ ಬೇರೆ ಯಾರೂ ಇರಬಾರದು ಎಂಬುದು ಸರ್ವೆಯ ನಿಯಮ. ಅಣ್ಣ ಜುಬ್ಬಾದ ಸಮೇತ ದೇವರ ಮನೆಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡ, ಪೂರ್ತಿ ಅಲ್ಲ. ಅತ್ತಿಗೆ ಅಡುಗೆಮನೆಗೆ ಹೋದರು. ಕೋಡುಬಳೆ ಕರಿಯುತ್ತಿದ್ದ ಚೊರ್ ಸದ್ದು ತಕ್ಷಣ ನಿಂತಿತು. ಅಂಥ ನಿಶ್ಶಬ್ದ ನಮ್ಮ ಮನೆಯಲ್ಲಿ ಗ್ರಹಣದ ದಿನವೂ ಇರುವುದಿಲ್ಲ.

"ಅಂಗವಿಕಲ ವ್ಯಕ್ತಿಗಳು ಕುಟುಂಬಕ್ಕೆ ಹೊರೆ" ಎಂದು ಓದಿದಳು ಸಂಘಮಿತ್ರ. "ಪೂರ್ತಿ ಒಪ್ತೀರಾ, ಒಪ್ತೀರಾ, ಒಪ್ಪಲ್ವಾ, ಖಂಡಿತ ಒಪ್ಪಲ್ವಾ?"

"ಕುಟುಂಬ ಅಂಗವಿಕಲರಿಗೆ ಹೊರೆ ಅನ್ನೋದು ಇಲ್ವಾ?"

"ಇಲ್ಲ ಮೇಡಂ."

"ಹಾಗಾದ್ರೆ ಒಪ್ಪಲ್ಲ ಅಂತ ಹಾಕು. ಎತ್ತೋ ದಿನ ಮಾತ್ರ ಹೊರೆ, ಅದೂ ಕಾಳಯ್ಯನಿಗೆ."

"ಅಂಗವಿಕಲ ವ್ಯಕ್ತಿಗಳಿಗೆ ಬೇಗ ಕೋಪ ಬರುತ್ತೆ."

"ಪೂರ್ತಿ ಒಪ್ತೀನಿ."

ಅವಳು ತಲೆ ಎತ್ತಿ ನೋಡಿದಳು. ಮೊದಲ ಸಲ ಅವಳ ಮುಖದ ಸುಸ್ತು ಸ್ವಲ್ಪ ಸಡಿಲವಾಯಿತು. "ನಿಮ್ಮ ಮನೆಯವರೊಬ್ಬರು ಅಂಗವಿಕಲರನ್ನ ಮದುವೆ ಆಗ್ತೀನಿ ಅಂದ್ರೆ ನೀವು ಒಪ್ಪಿಗೆ ಕೊಡ್ತೀರಾ?"

"ಯಾರನ್ನ ಆಗ್ತೀನಿ ಅಂದ್ರೂ ಕೊಡಲ್ಲ. ಈ ಮನೇಲಿ ಮದುವೆ ಹೆಂಗೆ ನಡೆಯುತ್ತೆ ಅಂತ ಹತ್ತಿರದಿಂದ ನೋಡಿದೀನಿ."

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು.

"ಅಂಗವಿಕಲರ ಪಕ್ಕ ಕೂತ್ಕೊಳ್ಳೋಕೆ ನಿಮಗೆ ಯಾವಾಗಲಾದ್ರೂ ಇರಿಸುಮುರಿಸು ಆಗಿದೆಯಾ?"

"ಆಗಿದೆ. ಅಣ್ಣನನ್ನ ಭಾಷಣಕ್ಕೆ ಕರೆಯೋಕೆ ಬರೋ ಊರುಗೋಲಿನವರು ಒಬ್ಬರಿದ್ದಾರೆ, ಪಕ್ಕದಲ್ಲಿ ಕೂತವರಿಗೆಲ್ಲ ತಮ್ಮ ಚುಟುಕ ಓದ್ತಾರೆ. ಹೌದು ಅಂತ ಒತ್ತು."

ಹೀಗೇ ಸಾಗಿತು. ನನಗೆ ಒಳಗೊಳಗೇ ಖುಷಿ. ಇಷ್ಟು ವರ್ಷ ಎಲ್ಲರೂ ನನ್ನ ಬಗ್ಗೆ ಬೇರೆಯವರನ್ನು ಕೇಳುತ್ತಿದ್ದರು. ಮಾತ್ರೆ ತಗೊಂಡ್ಲಾ, ನಿದ್ದೆ ಬಂತಾ, ಕಾಫಿಗೆ ಸಕ್ಕರೆ ಬೇಕಂತಾ? ಇವತ್ತು ದೇಶವೇ ನನ್ನ ಎದುರು ಕೂತು ನನ್ನ ಅಭಿಪ್ರಾಯ ಕೇಳುತ್ತಿತ್ತು. ಅದರ ಕೈಯಲ್ಲಿ ಪೇಪರ್ ಲೋಟವಿತ್ತು ಅನ್ನುವುದು ಬೇರೆ ಮಾತು.

"ನಿಮ್ಮ ಮನೇಲಿ ಅಂಗವಿಕಲ ವ್ಯಕ್ತಿ ಓಡಾಡೋಕೆ ಅನುಕೂಲ ಆಗೋ ಥರ ಏನಾದ್ರೂ ಬದಲಾವಣೆ ಮಾಡಿದೀರಾ?"

"ಇಲ್ಲ."

"ಕಾರಣ? ದುಡ್ಡಿಲ್ಲ, ಜಾಗ ಇಲ್ಲ, ಮನೆ ಓನರ್ ಒಪ್ಪಲ್ಲ, ಅಥವಾ ಬೇರೆ."

"ಬೇರೆ."

"ಏನು ಅಂತ ಬರೀಬೇಕು ಮೇಡಂ."

"ಮಹಾಲಕ್ಷ್ಮಿ ಅಂತ ಬರಿ."

ಅವಳ ಬೆರಳು ಟ್ಯಾಬಿನ ಮೇಲೆ ನಿಂತಿತು. ನಾನು ಬಿಡಿಸಿ ಹೇಳಿದೆ. ಹಲಗೆ ಸಿದ್ಧವಾಗಿ ಹಿತ್ತಲಲ್ಲಿದೆ, ಅದರ ಮೇಲೆ ಸಂಡಿಗೆ ಇದೆ, ಹೊಸ್ತಿಲ ಲಕ್ಷ್ಮಿಗೆ ನೋವಾಗುತ್ತದೆಂದು ನಮ್ಮ ಅತ್ತಿಗೆ ಅದನ್ನು ಒಳಗೆ ಬಿಡುವುದಿಲ್ಲ, ನಮ್ಮಣ್ಣ ಇಬ್ಬರ ಮಾತಿನಲ್ಲೂ ಸತ್ಯ ಕಾಣುತ್ತಾನೆ. "ಅಷ್ಟನ್ನೂ ಬರಿಯಮ್ಮ, ದೆಹಲಿಯವರು ಓದ್ಲಿ" ಎಂದೆ.

ದೇವರ ಮನೆಯ ಬಾಗಿಲು ದಡಾರನೆ ತೆರೆಯಿತು.

"ಪುಟ್ಟೀ!" ಎಂದ ಅಣ್ಣ. ನಲವತ್ತಾರಕ್ಕೂ ನಾನು ಪುಟ್ಟಿ. "ಏನೇ ಇದು? ಕೇಂದ್ರ ಸರ್ಕಾರದ ಮುಂದೆ ಮನೆ ಮಾನ ಕಳೀತಿದ್ದೀಯಲ್ಲ! ನಾಳೆ ಸಂಘದೋರಿಗೆ ಗೊತ್ತಾದ್ರೆ ನನ್ನನ್ನ ವೇದಿಕೆ ಹತ್ತಿಸ್ತಾರಾ?"

"ನಿನ್ನನ್ನ ಹತ್ತಿಸೋಕೆ ಮೆಟ್ಟಿಲಿರುತ್ತೆ ಬಿಡೋ."

ಅತ್ತಿಗೆ ಜಾಲರಿ ಸೌಟು ಹಿಡಿದುಕೊಂಡೇ ಬಂದರು. "ನಾನು ನಿನ್ನನ್ನ ಕೂಡಿಹಾಕಿದೀನಿ ಅಂತ ಬರೆಸ್ತಿದ್ದೀಯಾ? ನಿನಗೆ ಜ್ವರ ಬಂದಾಗ ರಾತ್ರಿಯೆಲ್ಲ ಕೂತೋಳು ಯಾರು? ನಿನ್ನ ತಲೆ ಬಾಚಿ, ನಿನಗೆ ಬೇಕಂತ ಬಾಳಕ ಕರಿದು..."

"ಬಾಳಕ ಯಾರು ಕೇಳಿದ್ರು ಅತ್ತಿಗೆ? ನಾನು ಕೇಳಿದ್ದು ಒಂದು ಹಲಗೆ!"

"ಹಲಗೆ, ಹಲಗೆ! ಹೋಗಿ ಏನು ಕಡಿದು ಕಟ್ಟೆ ಹಾಕ್ಬೇಕಿತ್ತು ನೀನು? ಬೇಕಂದಾಗೆಲ್ಲ ನಿಮ್ಮಣ್ಣ ಎತ್ತಿ ಕರ್ಕೊಂಡು ಹೋಗಲ್ವಾ?"

ನನ್ನ ಕಣ್ಣಲ್ಲಿ ನೀರು ಬಂತು. ಸಿಟ್ಟಿನ ನೀರು. ಕೇಳಿದರೆ ಎಲ್ಲ ಕೊಡುತ್ತಾರೆ ಇವರು. ಕೇಳದೆ ಇರುವ ಒಂದೇ ಒಂದು ಅವಕಾಶ ಬಿಟ್ಟು. "ನಾನು ಈ ಮನೇಲಿರಲ್ಲ" ಎಂದಷ್ಟೇ ಹೇಳಿ ಕುರ್ಚಿ ತಿರುಗಿಸಿದೆ. ಚಕ್ರಗಳನ್ನು ರಭಸದಿಂದ ತಳ್ಳಿದೆ. ಮುಂಬಾಗಿಲಿಗೆ ಬಂದೆ. ಹೊಸ್ತಿಲ ಮುಂದೆ ನಿಂತೆ.

ನಿಲ್ಲದೆ ಇನ್ನೇನು ಮಾಡಲಿ? ಎದುರಿಗೆ ಬೆಳಗ್ಗೆ ಇಟ್ಟ ಅರಿಶಿನ ಕುಂಕುಮ, ಒಂದು ದಾಸವಾಳದ ಹೂವು. ಆಚೆ ಜಗಲಿ, ಸ್ಕೂಟರಿನ ಇಳಿಜಾರು, ಗೇಟು, ಬೀದಿ. ಬೆನ್ನ ಹಿಂದೆ ಮೂರು ಜನ. ಇಂಥ ಅವಮಾನ ನನ್ನ ಶತ್ರುವಿಗೂ ಬೇಡ.

ಆಗ ಅಣ್ಣ ಮಾಡಿದ್ದೇನು ಗೊತ್ತೇ? ಅಭ್ಯಾಸಬಲ. ಜುಬ್ಬಾದ ತೋಳು ಮೇಲಕ್ಕೆ ಮಡಿಸಿ, ಜಗಲಿಗೆ ದಾಟಿ ನನ್ನ ಕುರ್ಚಿಯ ಮುಂದೆ ಬಾಗಿ ನಿಂತು, ಬೀದಿಯ ಕಡೆಗೆ ಕೂಗಿದ: "ಕಾಳಯ್ಯಾ! ಬಾರಪ್ಪಾ, ಒಂದು ಕೈ ಹಾಕು. ಗಾರ್ಗಿ ಮನೆ ಬಿಟ್ಟು ಹೋಗ್ತಾ ಇದ್ದಾಳೆ."

ಸಂಘಮಿತ್ರ ಟ್ಯಾಬಿನಿಂದ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು.

ಆದರೆ ಅತ್ತಿಗೆ ನಗಲಿಲ್ಲ. ಅವರು ಗಂಡನನ್ನು ಎಂಥ ಕಣ್ಣಿನಿಂದ ನೋಡಿದರೆಂದರೆ ಅವನು ಕುರ್ಚಿ ಬಿಟ್ಟು ನೆಟ್ಟಗೆ ನಿಂತ.

"ಏನ್ರೀ ನೀವು? ಕೋಪ ಮಾಡ್ಕೊಂಡು ಹೊರಟೋಳನ್ನ ಎತ್ತೋಕೆ ಹೋಗ್ತೀರಲ್ಲ, ಮಾನ ಇದೆಯಾ ನಿಮಗೆ? ನಾನು ಯಾದವಗಿರಿಗೆ ಹೋಗೋವಾಗ ಒಂದು ದಿನ ನೀವು ನನ್ನ ಸೂಟ್‌ಕೇಸ್ ಮುಟ್ಟಿದ್ದೀರಾ? ಮುಟ್ಟಿದ್ರೆ ಅವತ್ತೇ ನಾನು ಸತ್ತುಹೋಗ್ತಿದ್ದೆ!"

ತಾವು ಹೇಳಿದ ಮಾತು ತಮಗೇ ಆಗ ಕೇಳಿಸಿರಬೇಕು. ನನ್ನನ್ನು ನೋಡಿದರು, ಹೊಸ್ತಿಲನ್ನು ನೋಡಿದರು. ಮನೆ ಬಿಟ್ಟು ಹೋಗುವುದರಲ್ಲಿ ಕೈ ಪಳಗಿದವರು ನಮ್ಮ ಅತ್ತಿಗೆ, ಆ ಕೆಲಸದ ಗೌರವ ಅವರಿಗೆ ಗೊತ್ತು. ಸೌಟನ್ನು ಅಣ್ಣನ ಕೈಗೆ ಕೊಟ್ಟು ಹಿತ್ತಲಿಗೆ ಹೋದರು.

ಹಿತ್ತಲಿನಿಂದ ತಟ್ಟೆಗಳು ಉರುಳುವ ಸದ್ದು ಬಂತು. ಆಮೇಲೆ ಮಂಟಯ್ಯನ ಹಲಗೆಯನ್ನು ನೆಲದ ಮೇಲೆ ದರದರ ಎಳೆದುಕೊಂಡು ಅತ್ತಿಗೆ ಬಂದರು. ಉಸಿರು ಹತ್ತಿತ್ತು, ಮುಡಿ ಬಿಚ್ಚಿತ್ತು. ಹಲಗೆಯಲ್ಲಿ ಅಲ್ಲಲ್ಲಿ ಸಂಡಿಗೆಯ ಚೂರು ಅಂಟಿಕೊಂಡಿದ್ದವು. ಅಣ್ಣ ಸಹಾಯಕ್ಕೆಂದು ಕೈ ಚಾಚಿದರೆ, "ದೂರ ನಿಂತ್ಕೊಳ್ಳಿ, ಇದು ನಿಮ್ಮ ಕೆಲಸ ಅಲ್ಲ" ಎಂದು ಗದರಿದರು.

ಹೊಸ್ತಿಲ ಹತ್ತಿರ ಕೂತು ಹೂವನ್ನು ತೆಗೆದು ಕಣ್ಣಿಗೆ ಒತ್ತಿಕೊಂಡರು. ಮೆಲ್ಲಗೆ, ನಾವು ಯಾರೂ ಇಲ್ಲವೆಂಬಂತೆ ಮಾತಾಡಿದರು.

"ತಾಯಿ, ನೀನೂ ಭೃಗು ಒದ್ದಿದ್ದಕ್ಕೆ ಮುನಿಸ್ಕೊಂಡು ವೈಕುಂಠ ಬಿಟ್ಟು ಕೊಲ್ಲಾಪುರಕ್ಕೆ ಹೋದೋಳೇ ಅಲ್ವೇನಮ್ಮ? ಎಲ್ಲರಿಗಿಂತ ಚೆನ್ನಾಗಿ ನಿನಗೇ ಗೊತ್ತಾಗುತ್ತೆ. ಹೊಟ್ಟೆಗೆ ಹಾಕ್ಕೋ."

ಆಮೇಲೆ ಹಲಗೆ ಬಿಡಿಸಿ ಇಟ್ಟು, ಅಲುಗಾಡದಂತೆ ಒತ್ತಿ ನೋಡಿದರು. ತೆಗೆದ ಹೂವನ್ನು ಹಲಗೆಯ ಅಂಚಿನಲ್ಲಿಟ್ಟರು. ಎದ್ದು ಪಕ್ಕಕ್ಕೆ ಸರಿದು, ಮುಖ ಗಂಟಿಕ್ಕಿಕೊಂಡು ಹೇಳಿದರು: "ಹೋಗೋಳು ಹೋಗು. ಯಾರು ಹಿಡ್ಕೊಂಡಿದ್ದಾರೆ?"

ಮುಖಕ್ಕೆ ಹೊಡೆದ ಹಾಗೆ ಹೇಳಿದ ಆ ಮಾತು ನನಗೆ ಎಷ್ಟು ಹಿತವಾಯಿತೆಂದು ಹೇಳಲಾರೆ. ಆದರೆ ನಾನು ಸಿಟ್ಟಿನಲ್ಲಿದ್ದೆ, ನಗುವ ಹಾಗಿರಲಿಲ್ಲ. ಚಕ್ರ ತಳ್ಳಿದೆ. ಹಲಗೆ ಕಿರ್ರೆಂದಿತು, ಒಂದು ಸಂಡಿಗೆ ಚಟ್ಟೆಂದು ಪುಡಿಯಾಯಿತು. ತುದಿಯಲ್ಲಿ ಜೀವ ಬಾಯಿಗೆ ಬಂತು. ಇಳಿದೆ. ಜಗಲಿ ದಾಟಿ ಅಪ್ಪನ ಸ್ಕೂಟರಿನ ಇಳಿಜಾರಿನಲ್ಲಿ ಜಾರಿ ಅಂಗಳಕ್ಕೆ ಬಂದೆ. ಗೇಟು ನಾನೇ ತೆಗೆದೆ.

ಅಣ್ಣ ಕೂಗಿದ್ದನ್ನು ಕೇಳಿ ಕಾಳಯ್ಯ ಇಸ್ತ್ರಿ ಪೆಟ್ಟಿಗೆ ಇಟ್ಟು ಓಡಿ ಬರುತ್ತಿದ್ದ. ಗೇಟಿನಲ್ಲಿ ನಾನು ಒಬ್ಬಳೇ, ಯಾರ ಕೈಯೂ ಕುರ್ಚಿಯ ಮೇಲಿಲ್ಲದೆ ಬರುತ್ತಿರುವುದನ್ನು ಕಂಡು ಅವನಿಗೆ ದಿಕ್ಕೇ ತೋಚಲಿಲ್ಲ. ಬೀದಿ ನಡುವೆ ನಿಂತು ಬಾಯಿಬಿಟ್ಟ.

"ಅಮ್ಮಾವ್ರೇ! ಎಲ್ಗೆ ಒಂಟ್ರಿ?"

ಬೆನ್ನ ಹಿಂದೆ ಜಗಲಿಯಿಂದ ಅತ್ತಿಗೆಯ ಸಿಡಿಲು ಹೊಡೆಯಿತು. "ಏ ಕಾಳಯ್ಯಾ! ಬುದ್ಧಿ ಇಲ್ವೇನಯ್ಯಾ ನಿನಗೆ? ಹೊರಟೋರನ್ನ ಎಲ್ಲಿಗೆ ಅಂತ ಕೇಳ್ತಾರೇನೋ? ಕೆಟ್ಟೋಯ್ತು ನೋಡು ಎಲ್ಲಾ!"

ಕಾಳಯ್ಯ ತಲೆಗೆ ಕೈ ಹೊತ್ತುಕೊಂಡ. "ತಪ್ಪಾಯ್ತು ಕಣ್ರವ್ವಾ, ಅಬ್ಯಾಸ ಇಲ್ಲ ನೋಡಿ. ಬುಟ್ಬುಡಿ" ಎಂದ.

"ಗಾರ್ಗೀ, ಒಳಗೆ ಬಾ" ಎಂದು ಅತ್ತಿಗೆ ಕೂಗಿದರು. "ನೀರು ಕುಡಿದು ಹೋಗು."

ಅಲ್ಲಿ ಗೇಟಿನ ಹತ್ತಿರ ನನಗೆ ಅಳು ಬಂದುಬಿಟ್ಟಿತು. ಈ ಶಾಸ್ತ್ರ ಇರುವುದು ಹೊರಟವರಿಗೆ. ಎತ್ತಿಕೊಂಡು ಹೋಗುವ ಸಾಮಾನಿಗಲ್ಲ. ಅತ್ತಿಗೆ ಬೀದಿಗೆಲ್ಲ ಕೇಳುವ ಹಾಗೆ ನನ್ನನ್ನು ಹೊರಟವರ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು.

ಕುರ್ಚಿ ತಿರುಗಿಸಿದೆ. ಸ್ಕೂಟರಿನ ಇಳಿಜಾರು ಹತ್ತುವುದು ಇಳಿದಷ್ಟು ಸುಲಭವಿರಲಿಲ್ಲ, ತೋಳು ನಡುಗಿತು, ಹತ್ತಿದೆ. ಹಲಗೆ ದಾಟಿ ಒಳಗೆ ಬಂದು ನಿಂತೆ. ಕೂತುಕೊಳ್ಳುವ ಶಾಸ್ತ್ರ ನನ್ನ ಮಟ್ಟಿಗೆ ಸದಾ ನೆರವೇರಿಯೇ ಇರುತ್ತದೆ. ಅತ್ತಿಗೆ ಬೆಳ್ಳಿ ಲೋಟದಲ್ಲಿ ನೀರು ತಂದು ಮುಂದೆ ಹಿಡಿದರು.

"ಕುಡಿ. ಕೋಪ ಇಳಿಸ್ಕೋಬೇಡ, ನೀರು ಮಾತ್ರ ಕುಡಿ."

ಕುಡಿದೆ. ಲೋಟ ವಾಪಸು ಕೊಡುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನೋಡಿದ್ದರೆ ಜಗಳ ಅಲ್ಲಿಗೇ ಕೆಟ್ಟುಹೋಗುತ್ತಿತ್ತು. ಬಾಗಿಲ ಪಕ್ಕ ಸಂಘಮಿತ್ರ ಖಾಲಿ ಪೇಪರ್ ಲೋಟ ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದಳು. ಅತ್ತಿಗೆ ಅದನ್ನು ನೋಡಿಯೂ ನೋಡಲಿಲ್ಲ. ಒಂದೇ ದಿನ ಎರಡು ಹೊಸ್ತಿಲು ದಾಟುವ ತ್ರಾಣ ಅವರಿಗಿರಲಿಲ್ಲ. ಆ ಜಗಳ ನಾನು ಬಿಟ್ಟಿಲ್ಲ, ಅದಕ್ಕೆ ಇನ್ನೊಂದು ದಿನ ಮನೆ ಬಿಟ್ಟು ಹೋಗುತ್ತೇನೆ.

"ಮೇಡಂ, ಇನ್ನು ಮೂರೇ ಪ್ರಶ್ನೆ ಬಾಕಿ" ಎಂದು ಪಿಸುಗುಟ್ಟಿದಳು ಅವಳು.

"ಬಂದ ಮೇಲೆ ಹೇಳ್ತೀನಿ, ಇಲ್ಲೇ ಜಗಲೀಲಿ ಕೂತಿರು."

ಎರಡನೇ ಸಲ ಹೊರಟೆ. ಈಗ ಹಲಗೆ ಕಿರ್ರೆನ್ನಲಿಲ್ಲ. ಕಾಳಯ್ಯ ಬೀದಿಯಾಚೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದ. ಎದುರು ಮನೆಯ ಇಂದ್ರಮ್ಮನವರು ಕಾಂಪೌಂಡಿನ ಮೇಲಿಂದ ಇಣುಕಿ, ಏನೋ ಕೇಳಲು ಹೋಗಿ ನಾಲಿಗೆ ಕಚ್ಚಿಕೊಂಡರು. ಇಡೀ ಬೀದಿ ನನ್ನನ್ನು ಏನೂ ಕೇಳದೆ ನೋಡುತ್ತಿತ್ತು. ಗೇಟಿನಾಚೆ ಬಂದು ನಿಂತಾಗಲೇ ನನಗೆ ಹೊಳೆದದ್ದು, ಎಲ್ಲಿಗೆ ಹೋಗಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. ಎಡಕ್ಕೂ ಹೋಗಬಹುದಿತ್ತು, ಬಲಕ್ಕೂ ಹೋಗಬಹುದಿತ್ತು.

ಒಳಗೆ ಅಣ್ಣನ ಫೋನು ಹೊಡೆದುಕೊಂಡಿತು. ಸೂಪರ್‌ವೈಸರು. ಅಣ್ಣನಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿ ಗೊತ್ತಿಲ್ಲ, ಎಲ್ಲ ಗೇಟಿನವರೆಗೂ ಕೇಳಿಸಿತು.

"ಹೌದು ಸಾರ್, ಹುಡುಗಿ ಬಂದಿದ್ದಾಳೆ... ತಂಗಿನಾ? ಇಲ್ಲ ಸಾರ್, ನಾನು ಹೇಳೋಕಾಗಲ್ಲ, ಅವಳೇ ಹೇಳ್ಬೇಕು... ಕೊಡೋಕಾಗಲ್ಲ ಸಾರ್, ಗಾರ್ಗಿ ಮನೇಲಿಲ್ಲ."

ಆ ಕಡೆಯವರು ಇನ್ನೇನೋ ಕೇಳಿರಬೇಕು. ಅದಕ್ಕೆ ಅಣ್ಣ, ಅಪ್ಪ ನಂಜನಗೂಡಿಗೆ ಹೋದ ದಿನ ಅಮ್ಮ ನೆರೆಯವರಿಗೆ ಹೇಳಿದ ಅದೇ ಬೇಸರದ, ಅದೇ ಬಿಗುಮಾನದ ದನಿಯಲ್ಲಿ ಹೇಳಿದ:

"ಎಲ್ಲಿಗೆ ಅಂತ ನಮ್ಮನೇಲಿ ಕೇಳಲ್ಲ ಸಾರ್. ಕೋಪ ಮಾಡ್ಕೊಂಡು ಹೋಗಿದ್ದಾಳೆ."